ವಾಯಿದೆಗೆ ಬರೆದ ಕಾದಂಬರಿ

ಪಾಠ ಹೇಳುವ ಕೆಲಸದಲ್ಲಿ ವರ್ಷಗಟ್ಟಲೆ ಕಳೆದವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡುಬಿಡುತ್ತದೆ. ಎಲ್ಲೋ ಕೇಳಿದ ಕಥೆಯನ್ನು ಇನ್ನೆಲ್ಲೋ ಉಪದೇಶವಾಗಿ ದಾಟಿಸದೆ ಹೋದರೆ ನಮಗೆ ಊಟ ಅರಗುವುದಿಲ್ಲ. ಕೇಳುವವರು ಮಕ್ಕಳಾದರೆ ಮರೆತುಬಿಡುತ್ತಾರೆ, ತೊಂದರೆಯಿಲ್ಲ. ನಂಬಿ ಹಾಗೆಯೇ ನಡೆದುಬಿಡುವವರು ಸಿಕ್ಕಿದರೆ ಕಷ್ಟ. ನನಗೆ ಹಾಗೆ ಸಿಕ್ಕಿದವಳು ನನ್ನ ತಂಗಿ.

ನಾಲ್ಕು ವರ್ಷದ ಹಿಂದೆ ನಮಗೊಂದು ತರಬೇತಿ ಇತ್ತು. ಮೂರು ದಿನ, ಮಧ್ಯಾಹ್ನ ಚಿತ್ರಾನ್ನ, ಕೊನೆಗೊಂದು ಪ್ರಮಾಣಪತ್ರ. ಎರಡನೆಯ ದಿನ ಬಂದ ಉಪನ್ಯಾಸಕರು ಸಮಯಪಾಲನೆಯ ಬಗ್ಗೆ ಮಾತಾಡುತ್ತ ರಷ್ಯಾದ ದಾಸ್ತಯೇವ್‌ಸ್ಕಿಯ ಕಥೆ ಹೇಳಿದರು. ಆ ಮಹಾಲೇಖಕ ಒಂದು ಇಡೀ ಕಾದಂಬರಿಯನ್ನು ಇಪ್ಪತ್ತಾರು ದಿನಗಳಲ್ಲಿ ಮುಗಿಸಿದನಂತೆ. ಯಾಕೆಂದರೆ ಗಡುವು ಮೀರಿದರೆ ಸರ್ವನಾಶವಾಗುತ್ತಿತ್ತು. 'ನೋಡಿ ಮೇಡಂ, ಗಡುವಿನ ಶಕ್ತಿ! ನಿಮಗೆ ನೀವೇ ಒಂದು ಗಡುವು ಹಾಕಿಕೊಳ್ಳಿ, ತಪ್ಪಿದರೆ ದಂಡ ಇಟ್ಟುಕೊಳ್ಳಿ, ಕೆಲಸ ತಾನಾಗಿ ಓಡುತ್ತದೆ' ಎಂದರು. ನಾವೆಲ್ಲ ತಲೆಯಾಡಿಸಿ ಬರೆದುಕೊಂಡೆವು. ಸರ್ಕಾರಿ ನೌಕರಿಯಲ್ಲಿರುವ ನಮಗೆ ಗಡುವುಗಳಿಗೇನು ಕೊರತೆ? ಮೌಲ್ಯಮಾಪನ, ಅಂಕಪಟ್ಟಿ, ಬಿಸಿಯೂಟದ ಲೆಕ್ಕ, ಎಲ್ಲಕ್ಕೂ ಯಾರೋ ಒಬ್ಬರು ದಿನಾಂಕ ಹಾಕಿಯೇ ಕಳಿಸುತ್ತಾರೆ. ಆದರೆ ನನಗೆ ನೆನಪಾದದ್ದು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಬದುಕು ಸಾಗಿಸುತ್ತಿರುವ ತಂಗಿ.

ಅವಳ ಗಂಡ ತೀರಿಕೊಂಡ ಮೇಲೆ ಆ ಮಷೀನೇ ಅವಳ ಮನೆ ನಡೆಸಿದ್ದು. ಕೈ ಬಹಳ ಚೊಕ್ಕಟ. ಅವಳು ಹೊಲಿದ ಬ್ಲೌಸಿನ ಕುತ್ತಿಗೆ ಎಲ್ಲೂ ಎಳೆಯುವುದಿಲ್ಲ, ತೋಳು ಎಲ್ಲೂ ಸುಕ್ಕಾಗುವುದಿಲ್ಲ. ಆದರೆ ಒಂದೇ ಒಂದು ದೋಷ. ಕೇಳಿದವರಿಗೆಲ್ಲ 'ನಾಳೆ ಕೊಡ್ತೀನಿ' ಎನ್ನುತ್ತಾಳೆ. ಅವಳ ಮಂಚದ ಮೇಲೆ ಅಳತೆ ಬ್ಲೌಸು ಸಮೇತ ಸುತ್ತಿಟ್ಟ ಗಂಟುಗಳು ಕುತ್ತಿಗೆಯೆತ್ತರ ಬೆಳೆದಿರುತ್ತಿದ್ದವು. ಮೇಲೆ ಯಜಮಾನಿ ಇಲ್ಲ, ಗಂಟೆ ಹೊಡೆಯುವ ಜವಾನನಿಲ್ಲ, ಹಾಜರಿ ಪುಸ್ತಕವಿಲ್ಲ. ತನ್ನ ಕೆಲಸಕ್ಕೆ ತಾನೇ ಒಡತಿಯಾದವರ ಸಂಕಟ ಇದು. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಗ್ಯಾಸಿನವನು, ಮಗನ ಫೀಸು, ಮಧ್ಯೆ ಮಧ್ಯೆ ಮಷೀನು.

ನಾನು ಹೋಗಿ ರಷ್ಯಾದ ಕಥೆ ಹೇಳಿದೆ. ಹೇಳಿ ಸುಮ್ಮನಾಗಲಿಲ್ಲ, ರಟ್ಟಿನ ಮೇಲೆ ನನ್ನ ಒಳ್ಳೆಯ ಕೈಬರಹದಲ್ಲಿ ಒಂದು ಬೋರ್ಡು ಬರೆದುಕೊಟ್ಟೆ: 'ಐದು ದಿನದಲ್ಲಿ ಬ್ಲೌಸು. ತಡವಾದರೆ ಅರ್ಧ ಮಜೂರಿ.' ಮೊದಲ ತಿಂಗಳು ಎಲ್ಲವೂ ಸೊಗಸಾಗಿ ನಡೆಯಿತು. ಮಂಚ ಖಾಲಿಯಾಯಿತು. ನಾನು ಬೀಗಿದೆ. ಆಮೇಲೆ ವೈಶಾಖ ಬಂತು. ಎರಡು ಮದುವೆ ಮನೆಯವರು ಒಂದೇ ವಾರದಲ್ಲಿ ಬೋರ್ಡು ನೋಡಿಕೊಂಡೇ ಬಂದರು. ಮೂವತ್ತೆಂಟು ಬ್ಲೌಸು, ಅದರಲ್ಲಿ ಮುಕ್ಕಾಲು ಪಾಲು ಲೈನಿಂಗಿನವು. ಅವಳು ಬೋರ್ಡನ್ನು ನಂಬಿ ಒಪ್ಪಿಕೊಂಡಳು. ರಾತ್ರಿ ಎರಡು ಗಂಟೆಯವರೆಗೆ ಹೊಲಿದಳು. ನಾಲ್ಕನೆಯ ರಾತ್ರಿ ನಿದ್ದೆಗಣ್ಣಿನಲ್ಲಿ ಮದುಮಗಳ ರೇಷ್ಮೆ ಬ್ಲೌಸ್‌ಪೀಸಿನ ಜರಿಯಂಚನ್ನು ತೋಳಿಗೆ ತೆಗೆಯುವ ಬದಲು ಬೆನ್ನಿಗೆ ಕತ್ತರಿಸಿಬಿಟ್ಟಳು. ಸೀರೆಯಿಂದಲೇ ಬಂದ ತುಂಡು ಅದು, ಅಂಗಡಿಯಲ್ಲಿ ಇನ್ನೊಂದು ಸಿಕ್ಕುವಂಥದಲ್ಲ. ಆ ದುಡ್ಡು ತೆತ್ತದ್ದಲ್ಲದೆ ಇಪ್ಪತ್ತಕ್ಕೂ ಹೆಚ್ಚು ಬ್ಲೌಸಿಗೆ ಅರ್ಧ ಮಜೂರಿ ಹೋಯಿತು. ಕುತ್ತಿಗೆ ಹಿಡಿದುಕೊಂಡು ಮೂರು ವಾರ ಮಷೀನಿನ ಮುಂದೆ ಕೂರಲಾಗಲಿಲ್ಲ. ನನಗೆ ಅವಳು ಒಂದು ಮಾತೂ ಆಡಲಿಲ್ಲ. ನಾನು ಹೋದಾಗ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು, ಬೋರ್ಡು ಇರಲಿಲ್ಲ.

ಆಗ ಹೊಳೆಯಿತು, ನಾನು ಆ ಕಾದಂಬರಿಯನ್ನೇ ಓದಿರಲಿಲ್ಲ! ಓದದ ಪುಸ್ತಕದಿಂದ ನೀತಿ ತೆಗೆದು ತಂಗಿಯ ಗೋಡೆಗೆ ಹೊಡೆದಿದ್ದೆ. ಕನ್ನಡ ಪಾಠ ಮಾಡುವ ನನ್ನಂಥವಳಿಗೆ ಇದಕ್ಕಿಂತ ನಾಚಿಕೆ ಬೇಡ. ಆ ರಜೆಯಲ್ಲಿ 'ದಿ ಗ್ಯಾಂಬ್ಲರ್' ಅನ್ನು ಕಾನ್‌ಸ್ಟನ್ಸ್ ಗಾರ್ನೆಟ್ ಅವರ ಇಂಗ್ಲಿಷ್ ಅನುವಾದದಲ್ಲಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಅನಂತರ ಆ ಕಾದಂಬರಿಯನ್ನು ಬರೆದುಕೊಂಡ ಹುಡುಗಿ, ಮುಂದೆ ದಾಸ್ತಯೇವ್‌ಸ್ಕಿಯ ಹೆಂಡತಿಯಾದ ಅನ್ನಾ ಗ್ರಿಗೋರ್ಯೆವ್ನಾಳ ನೆನಪುಗಳನ್ನೂ ಓದಿದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ನಮಗೆ ಹೇಳಿದ ಕಥೆ ಸುಳ್ಳಲ್ಲ, ಆದರೆ ಅರ್ಧ ಎಂಬುದು ಗೊತ್ತಾಯಿತು.

ಮೊದಲು ಕರಾರಿನ ವಿಷಯ. 1864ರಲ್ಲಿ ದಾಸ್ತಯೇವ್‌ಸ್ಕಿಯ ಮೊದಲ ಹೆಂಡತಿ ತೀರಿಕೊಂಡಳು. ಅದೇ ವರ್ಷ ಅಣ್ಣ ಮಿಖಾಯಿಲ್ ಕೂಡ ಸತ್ತ. ಅಣ್ಣ ನಡೆಸುತ್ತಿದ್ದ ಪತ್ರಿಕೆಯ ಸಾಲ, ಅಣ್ಣನ ಹೆಂಡತಿ ಮಕ್ಕಳ ಹೊಣೆ ಎಲ್ಲ ಈತನ ತಲೆಗೆ ಬಂತು. ಸಾಲಗಾರರು ಜೈಲಿನ ಮಾತಾಡತೊಡಗಿದಾಗ 1865ರ ಬೇಸಿಗೆಯಲ್ಲಿ ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕನೊಡನೆ ಕರಾರು ಮಾಡಿಕೊಂಡ. ಮೂರು ಸಾವಿರ ರೂಬಲ್ಲಿಗೆ ಅದುವರೆಗಿನ ಕೃತಿಗಳ ಒಂದು ಮುದ್ರಣದ ಹಕ್ಕು, ಜೊತೆಗೆ 1866ರ ನವೆಂಬರ್ 1ರ ಒಳಗೆ ಒಂದು ಹೊಸ ಕಾದಂಬರಿ. ಅದು ತಪ್ಪಿದರೆ ಮುಂದಿನ ಒಂಬತ್ತು ವರ್ಷ ದಾಸ್ತಯೇವ್‌ಸ್ಕಿ ಬರೆದದ್ದನ್ನೆಲ್ಲ ಬಿಡಿಗಾಸು ಕೊಡದೆ ಪ್ರಕಟಿಸುವ ಅಧಿಕಾರ ಸ್ಟೆಲ್ಲೋವ್‌ಸ್ಕಿಗೆ. ಅನ್ನಾ ಬರೆಯುವ ಪ್ರಕಾರ ಈತನ ಪ್ರೋನೋಟುಗಳನ್ನು ಅಗ್ಗಕ್ಕೆ ಕೊಂಡು ಪೀಡಿಸುತ್ತಿದ್ದವರ ಹಿಂದೆಯೂ ಆ ಪ್ರಕಾಶಕನೇ ಇದ್ದ. ಒಂದು ಕೈಯಿಂದ ಕೊಟ್ಟದ್ದು ಇನ್ನೊಂದು ಕೈಗೆ ಹೋಯಿತು. ಸಾಲಗಾರರಿಗೆ ಹೋಗಿ ಉಳಿದ ಚಿಲ್ಲರೆಯನ್ನು ಜೇಬಿಗೆ ಹಾಕಿಕೊಂಡು ಈ ಮಹಾಶಯ ಎಲ್ಲಿಗೆ ಹೋದ ಗೊತ್ತೆ? ಜರ್ಮನಿಯ ವೀಸ್‌ಬಾಡೆನ್ನಿಗೆ, ರೂಲೆಟ್ ಆಡಲು. ಐದು ದಿನದಲ್ಲಿ ಎಲ್ಲ ಕಳೆದುಕೊಂಡ.

ಇದನ್ನು ಓದುವಾಗ ನನಗೆ ಸಿಟ್ಟು ಬಂತು, ನಿಜ. ಆದರೆ ಉಪನ್ಯಾಸಕರು ಬಿಟ್ಟುಹೋದ ಮೊದಲ ವಿಷಯ ಇದೇ. ಆ ಗಡುವು ಶಿಸ್ತಿಗಾಗಿ ಹಾಕಿಕೊಂಡದ್ದಲ್ಲ. ಕುತ್ತಿಗೆಗೆ ಬಂದ ಮನುಷ್ಯ ಆಡಿದ ಒಂದು ಜೂಜು ಅದು. ಗೆದ್ದರೆ ಮೂರು ಸಾವಿರ, ಸೋತರೆ ಒಂಬತ್ತು ವರ್ಷದ ದುಡಿಮೆ.

ಆ ಗಡುವು ಕೆಲಸ ಮಾಡಿಸಿತೆ? ಒಂದು ವರ್ಷಕ್ಕೂ ಹೆಚ್ಚು ಕಾಲ ಏನೂ ಮಾಡಿಸಲಿಲ್ಲ. 1866ರ ಉದ್ದಕ್ಕೂ ಆತ 'ಅಪರಾಧ ಮತ್ತು ಶಿಕ್ಷೆ'ಯನ್ನು ಮಾಸ್ಕೋದ 'ರಷ್ಯನ್ ಮೆಸೆಂಜರ್' ಪತ್ರಿಕೆಗೆ ಧಾರಾವಾಹಿಯಾಗಿ ಬರೆಯುತ್ತಿದ್ದ. ಬೆಳಿಗ್ಗೆ ಒಂದು, ಸಂಜೆ ಒಂದು, ಹೀಗೆ ಎರಡು ಕಾದಂಬರಿಗಳನ್ನೂ ಬರೆದುಬಿಡುತ್ತೇನೆ ಎಂದು ಬೇಸಿಗೆಯಲ್ಲಿ ಪತ್ರದಲ್ಲಿ ಜಂಬ ಕೊಚ್ಚಿಕೊಂಡ. ಬರೆಯಲಿಲ್ಲ. ಅಕ್ಟೋಬರ್ ಬಂದಾಗ ಪ್ರಕಾಶಕನಿಗೆ ಕೊಡಬೇಕಾದ ಕಾದಂಬರಿಯ ಒಂದು ಪುಟವೂ ಇರಲಿಲ್ಲ. ಸ್ನೇಹಿತರು, ನಾವೇ ಒಬ್ಬೊಬ್ಬರು ಒಂದೊಂದು ಭಾಗ ಬರೆದುಕೊಡುತ್ತೇವೆ, ನೀನು ಹೆಸರು ಹಾಕು ಎಂದರು. ಇನ್ನೊಬ್ಬರು ಬರೆದದ್ದಕ್ಕೆ ನನ್ನ ಹೆಸರು ಹಾಕಲಾರೆ ಎಂದ. ಜೂಜುಕೋರನಾದರೂ ಅಷ್ಟು ಮರ್ಯಾದೆ ಇತ್ತು. ಆಗ ಸ್ನೇಹಿತನೊಬ್ಬ, ಹಾಗಾದರೆ ಶೀಘ್ರಲಿಪಿ ಬಲ್ಲವರನ್ನು ಇಟ್ಟುಕೊ ಎಂದ. ರಷ್ಯಾದಲ್ಲಿ ಅದು ಆಗ ಹೊಸ ವಿದ್ಯೆ. ಕಲಿಸುತ್ತಿದ್ದ ಓಲ್ಖಿನ್ ಎಂಬ ಮೇಷ್ಟ್ರು ತನ್ನ ಶಿಷ್ಯರಲ್ಲೇ ಚುರುಕಾದವಳನ್ನು ಕಳಿಸಿದರು. ತಂದೆಯನ್ನು ಕಳೆದುಕೊಂಡ, ಇಪ್ಪತ್ತು ವರ್ಷದ ಅನ್ನಾ.

ಆ ಕಾಲದ ರಷ್ಯಾದ ಪಂಚಾಂಗ ಯುರೋಪಿನದಕ್ಕಿಂತ ಹನ್ನೆರಡು ದಿನ ಹಿಂದೆ. ಆ ಲೆಕ್ಕದ ಅಕ್ಟೋಬರ್ 4ರಂದು ಆಕೆ ಹೊಸ ಪೆನ್ಸಿಲುಗಳನ್ನು ಕೊಂಡುಕೊಂಡು, ಸೇಂಟ್ ಪೀಟರ್ಸ್‌ಬರ್ಗಿನ ಆ ಮನೆಯ ಮೆಟ್ಟಿಲು ಹತ್ತಿದಳು. ಮೊದಲ ದಿನ ಆತ ಪತ್ರಿಕೆಯೊಂದರಿಂದ ಗಡಬಡನೆ ಓದಿ ಬರೆಸಿ, ಒಂದು ಪೂರ್ಣವಿರಾಮ ಬಿಟ್ಟುಹೋಗಿದೆ ಎಂದು ಗದರಿಸಿದ. ನಮ್ಮ ಇನ್ಸ್‌ಪೆಕ್ಟರುಗಳ ನೆನಪಾಯಿತು ನನಗೆ. ಎರಡನೆಯ ದಿನ ಆಕೆ ಅರ್ಧ ಗಂಟೆ ತಡವಾಗಿ ಹೋದಾಗ, ಇವಳು ಇನ್ನು ಬರುವುದೇ ಇಲ್ಲ, ಬರೆಸಿದ್ದೂ ಹೋಯಿತು ಎಂದು ಆತ ಕಂಗಾಲಾಗಿ ಕೂತಿದ್ದ.

ಕೆಲಸ ನಡೆದದ್ದು ಹೇಗೆ ಎಂಬುದನ್ನು ನಾನು ಎರಡು ಸಲ ಓದಿದೆ, ಯಾಕೆಂದರೆ ಇರುವುದೆಲ್ಲ ಅಲ್ಲಿಯೇ. ರಾತ್ರಿ ಆತ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಅವಳು ಬಂದರೆ ನಾಲ್ಕರವರೆಗೆ ಇರುತ್ತಿದ್ದಳು. ಆ ನಾಲ್ಕು ಗಂಟೆಯಲ್ಲಿ ಬರೆಸುತ್ತಿದ್ದದ್ದು ಮೂರು ಸಲ, ಒಂದೊಂದು ಸಲ ಅರ್ಧ ಗಂಟೆಯೋ ಸ್ವಲ್ಪ ಹೆಚ್ಚೋ. ಉಳಿದ ಹೊತ್ತು ಚಹಾ, ಮಾತು, ತನ್ನ ಹಳೆಯ ಕಷ್ಟಗಳ ಕಥೆ. ಸಂಜೆ ಮನೆಗೆ ಹೋಗಿ ಅವಳು ಶೀಘ್ರಲಿಪಿಯನ್ನು ಸ್ಫುಟವಾಗಿ ಬರೆದು ಮರುದಿನ ತರುತ್ತಿದ್ದಳು, ಆತ ತಿದ್ದುತ್ತಿದ್ದ. ಪ್ರತಿದಿನ ಕೇಳುವ ಪ್ರಶ್ನೆ ಒಂದೇ: ನಿನ್ನೆ ಎಷ್ಟು ಪುಟ ಆಯಿತು, ಹೀಗೆ ಹೋದರೆ ಮುಗಿಯುತ್ತದೆಯೆ? ಅವಳು ಎಣಿಸಿ ಹೇಳುತ್ತಿದ್ದಳು. ಪುಟ ಬೆಳೆದಂತೆ ಆತನ ಮುಖ ಅರಳುತ್ತಿತ್ತು. ಅಕ್ಟೋಬರ್ 29ಕ್ಕೆ ಕಾದಂಬರಿ ಮುಗಿಯಿತು.

ಇಪ್ಪತ್ತಾರು ದಿನ ನಿಜ. ಆದರೆ ಹದಿನೈದು ತಿಂಗಳು ಇದ್ದ ದೊಡ್ಡ ಗಡುವು ಅವನನ್ನು ಕಲ್ಲು ಮಾಡಿ ಕೂರಿಸಿತ್ತು. ಕೆಲಸ ಮಾಡಿಸಿದ್ದು ಮಧ್ಯಾಹ್ನ ಹನ್ನೆರಡು ಗಂಟೆ. ಬಾಗಿಲು ತಟ್ಟುವ ಒಬ್ಬಳು ಹುಡುಗಿ, ಬಂದವಳು ಸುಮ್ಮನೆ ವಾಪಸು ಹೋಗಬಾರದಲ್ಲ ಎಂಬ ದಾಕ್ಷಿಣ್ಯ, ದಿನಕ್ಕಿಷ್ಟು ಪುಟದ ಲೆಕ್ಕ. ಅನ್ನಾ ತನ್ನ ನೆನಪುಗಳನ್ನು ಬರೆದದ್ದು ನಲವತ್ತು ವರ್ಷಗಳಿಗೂ ಮೀರಿ ಕಳೆದ ಮೇಲೆ. ವಯಸ್ಸಾದವರು ಹೇಳುವ ಮದುವೆ ಕಥೆಗಳಂತೆ ಅದಕ್ಕೂ ಸ್ವಲ್ಪ ಹೊಳಪು ಬಂದಿದೆ, ಎಲ್ಲರೂ ಸರಿಯಾದ ಹೊತ್ತಿಗೆ ಸರಿಯಾದ ಮಾತನ್ನೇ ಆಡುತ್ತಾರೆ. ಅದನ್ನು ಕಳೆದು ನೋಡಿದರೂ ಈ ಲೆಕ್ಕಾಚಾರದ ಭಾಗ ನನಗೆ ನಂಬಬಹುದಾದದ್ದು ಎನಿಸುತ್ತದೆ. ಲೆಕ್ಕ ಬಲ್ಲ ಹೆಂಗಸಿನ ಬರವಣಿಗೆ ಅದು.

ಗಡುವಿನ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಈ ಕಥೆ ಆತನ ತಲೆಯಲ್ಲಿ 1863ರಿಂದಲೇ ಇತ್ತು. ಆ ವರ್ಷ ರೋಮ್ ನಗರದಿಂದ ಸ್ಟ್ರಾಖೋವ್ ಎಂಬ ಸ್ನೇಹಿತನಿಗೆ ಬರೆದ ಪತ್ರದಲ್ಲಿ ಜೂಜಿನ ಗೀಳು ಹಿಡಿದ ರಷ್ಯನ್ ಯುವಕನ ಕಥೆಯ ಹಂದರವನ್ನು ವಿವರವಾಗಿ ಹೇಳಿ ಮುಂಗಡ ಕೂಡ ಕೇಳಿದ್ದ. ಮೂರು ವರ್ಷ ಹಾಗೆಯೇ ಇತ್ತು. ಸ್ಟೆಲ್ಲೋವ್‌ಸ್ಕಿ ಇಲ್ಲದಿದ್ದರೆ ಇನ್ನೂ ಮೂವತ್ತು ವರ್ಷ ಹಾಗೆಯೇ ಇರುತ್ತಿತ್ತೋ ಏನೋ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಿ. ಇಪ್ಪತ್ತಾರು ದಿನದಲ್ಲಿ ಬರೆದದ್ದು ಮೂರು ವರ್ಷ ಹುಳಿ ಬಂದಿದ್ದ ಹಿಟ್ಟು. ನಮ್ಮ ಉಪನ್ಯಾಸಕರು ದೋಸೆ ಹುಯ್ದ ಹೊತ್ತನ್ನಷ್ಟೇ ಲೆಕ್ಕ ಹಿಡಿದು, ಅಕ್ಕಿ ನೆನೆಹಾಕಿದ ದಿನವನ್ನು ಬಿಟ್ಟುಬಿಟ್ಟಿದ್ದರು.

ಇನ್ನು ಕಾದಂಬರಿ ಹೇಗಿದೆ? ಅವಸರದಲ್ಲಿ ಬರೆದದ್ದು ಎಂದು ಗೊತ್ತಾಗುತ್ತದೆಯೆ? ಆಗುತ್ತದೆ. ರೂಲೆಟನ್‌ಬರ್ಗ್ ಎಂಬ ಕಲ್ಪಿತ ಜರ್ಮನ್ ಊರು. ಒಂದು ಹೋಟೆಲು, ಒಂದು ಜೂಜಿನ ಸಭಾಂಗಣ. ಸಾಲದಲ್ಲಿ ಮುಳುಗಿದ ಒಬ್ಬ ರಷ್ಯನ್ ಜನರಲ್, ಅವನ ಮಲಮಗಳು ಪೋಲಿನಾ, ದುಡ್ಡು ಬಂದರೆ ಅವನನ್ನು ಮದುವೆಯಾಗಲು ಕಾದಿರುವ ಫ್ರೆಂಚ್ ಬೆಡಗಿ ಬ್ಲಾಂಶ್, ಸಾಲ ಕೊಟ್ಟ ಫ್ರೆಂಚನೊಬ್ಬ, ಮಾತು ಕಡಿಮೆಯ ಇಂಗ್ಲಿಷಿನವ ಆಸ್ಟ್ಲಿ. ಇವರ ಮನೆಪಾಠದ ಮೇಷ್ಟ್ರು ಅಲೆಕ್ಸಿ ನಮಗೆ ಕಥೆ ಹೇಳುವವನು. ಮೊದಲ ಐವತ್ತು ಪುಟ ಯಾರು ಯಾರಿಗೆ ಏನು, ಯಾರಿಗೆ ಯಾರ ಮೇಲೆ ಏಕೆ ಸಿಟ್ಟು ಎಂಬುದೇ ತಿಳಿಯುವುದಿಲ್ಲ. ಮದುವೆ ಮನೆಗೆ ಮುಹೂರ್ತ ಮುಗಿದ ಮೇಲೆ ಹೋಗಿ ಪಂಕ್ತಿಯಲ್ಲಿ ಕೂತ ಹಾಗಾಗುತ್ತದೆ. ಪೋಲಿನಾಳಿಗೆ ನಿಜವಾಗಿ ಏನು ಬೇಕು ಎನ್ನುವುದನ್ನು ಲೇಖಕ ಹೇಳುವುದಿಲ್ಲ. ಅದು ಬೇಕೆಂದೇ ಮರೆಮಾಡಿದ್ದು ಎನ್ನುವವರಿದ್ದಾರೆ. ಅವಳ ಮನಸ್ಸಿನೊಳಗೆ ಹೋಗಲು ಅಕ್ಟೋಬರಿನಲ್ಲಿ ಹೊತ್ತಿರಲಿಲ್ಲ ಎಂದೇ ನನ್ನ ಅನುಮಾನ. ಕೊನೆಯ ಹತ್ತಿರದ ಪ್ಯಾರಿಸ್ ಅಧ್ಯಾಯವಂತೂ ರೈಲಿನ ಕಿಟಕಿಯಿಂದ ಕಂಡ ಊರು.

ಆದರೆ ಅಜ್ಜಿ ಬರುತ್ತಾಳೆ ನೋಡಿ! ಜನರಲ್ಲನ ಆಸೆಯೆಲ್ಲ ಮಾಸ್ಕೋದಲ್ಲಿ ಹಾಸಿಗೆ ಹಿಡಿದ ಎಪ್ಪತ್ತೈದು ವರ್ಷದ ಸಿರಿವಂತ ಅಜ್ಜಿಯ ಸಾವಿನ ಮೇಲೆ. ಸತ್ತಳೆ, ಸತ್ತಳೆ ಎಂದು ತಂತಿಯ ಮೇಲೆ ತಂತಿ ಕಳಿಸುತ್ತಿರುತ್ತಾನೆ. ಒಂಬತ್ತನೆಯ ಅಧ್ಯಾಯದಲ್ಲಿ ಆ ಅಜ್ಜಿಯೇ ಕುರ್ಚಿಯಲ್ಲಿ ಕೂತು, ಆಳುಗಳ ಕೈಯಲ್ಲಿ ಹೊರಿಸಿಕೊಂಡು, ಹೋಟೆಲಿನ ಮೆಟ್ಟಿಲ ಮೇಲೆ ಪ್ರತ್ಯಕ್ಷ! ಬಂದವಳೇ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಬೈಯುತ್ತಾಳೆ. ಕೋಣೆಗಳನ್ನು ಪರೀಕ್ಷಿಸುತ್ತಾಳೆ. ಈ ರೂಲೆಟ್ ಎಂದರೇನು ತೋರಿಸಿ ಎಂದು ಹಟ ಹಿಡಿದು ಹೋಗುತ್ತಾಳೆ. ಸೊನ್ನೆಯ ಮೇಲೆ ಕಟ್ಟಿದರೆ ಮೂವತ್ತೈದು ಪಟ್ಟು ಬರುತ್ತದೆ ಎಂದು ಕೇಳಿ ಸೊನ್ನೆಗೇ ಅಂಟಿಕೊಳ್ಳುತ್ತಾಳೆ. ಸೊನ್ನೆ ಬೀಳುತ್ತದೆ, ರಾಶಿ ಹಣ ಗೆಲ್ಲುತ್ತಾಳೆ. ಮರುದಿನ ಅದೇ ಸೊನ್ನೆ ಅವಳನ್ನು ನುಂಗುತ್ತದೆ. ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡು ಊರಿಗೆ ಹೋಗಲು ಆಸ್ಟ್ಲಿಯ ಹತ್ತಿರ ಸಾಲ ಪಡೆದು ಹೊರಡುತ್ತಾಳೆ. ತಾನು ಮಾಡಿದ್ದು ಮೂರ್ಖತನ ಎಂದು ಒಪ್ಪಿಕೊಂಡು, ತಲೆಯೆತ್ತಿಕೊಂಡೇ ಹೋಗುತ್ತಾಳೆ. ಈ ಅಧ್ಯಾಯಗಳನ್ನು ಓದುವಾಗ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ನಮ್ಮ ಕಡೆಯ ಯಾವ ಹಳೆಯ ಮನೆಯಲ್ಲಾದರೂ ಈ ಅಜ್ಜಿ ಇರುತ್ತಾಳೆ. ಆಸ್ತಿ ಪತ್ರ ದಿಂಬಿನಡಿ ಇಟ್ಟುಕೊಂಡು ಸೊಸೆಯಂದಿರನ್ನು ಕುಣಿಸುವವಳು.

ಈ ಭಾಗ ಇಷ್ಟು ಜೀವಂತವಾಗಿರುವುದಕ್ಕೂ ಬರೆದ ರೀತಿಗೂ ಸಂಬಂಧವಿದೆ ಎಂದು ನನ್ನ ಅನಿಸಿಕೆ. ಇದು ಬಾಯಲ್ಲಿ ಹೇಳಿ ಬರೆಸಿದ ಕಾದಂಬರಿ. ಎದುರಿಗೆ ಕೂತು ಕೇಳುವ ಒಬ್ಬಳಿದ್ದಳು. ಹಾಗಾಗಿ ಯೋಚನೆಗಿಂತ ಮಾತು ಮುಂದಿದೆ, ಬೈಗುಳಕ್ಕೆ ಬಿಸಿ ಇದೆ. ಒಬ್ಬ ಯುವಕನ ಟಿಪ್ಪಣಿಗಳು ಎಂಬ ರೂಪ, ಒಂದು ಊರು, ಎಣಿಸಿದಷ್ಟು ಜನ, ಎಲ್ಲವನ್ನೂ ಕಾಲದ ಅಳತೆಗೆ ಕತ್ತರಿಸಿಕೊಂಡದ್ದು. ಇದೇ ಗಡುವಿನಲ್ಲಿ 'ಕರಮಾಜೋವ್ ಸಹೋದರರು' ಬರೆಯಲು ಆಗುತ್ತಿರಲಿಲ್ಲ. ಬಟ್ಟೆ ಎಷ್ಟಿದೆ ನೋಡಿ ತೋಳಿನ ಉದ್ದ ಹೇಳಬೇಕು ಎಂದು ತಂಗಿ ಹೇಳುತ್ತಾಳಲ್ಲ, ಹಾಗೆ. ಅವಳ ಮೂವತ್ತೆಂಟು ಬ್ಲೌಸಿಗೆ ಆ ಅಳತೆಯನ್ನು ನಾನು ಹೇಳಿಕೊಡಲಿಲ್ಲ.

ಅನ್ನಾ ಬರೆದುಕೊಳ್ಳುತ್ತಲೇ ಪಾತ್ರಗಳ ಬಗ್ಗೆ ಜಗಳ ತೆಗೆಯುತ್ತಿದ್ದಳಂತೆ. ಅವಳಿಗೆ ಅಜ್ಜಿ ಮತ್ತು ಆಸ್ಟ್ಲಿ ಇಷ್ಟ. ಪೋಲಿನಾ ಇಷ್ಟವಿಲ್ಲ, ಅಲೆಕ್ಸಿಯ ದೌರ್ಬಲ್ಯವನ್ನಂತೂ ಕ್ಷಮಿಸಲಾರಳು. ದಾಸ್ತಯೇವ್‌ಸ್ಕಿ ಪೂರ್ತಿ ಜೂಜುಕೋರನ ಪಕ್ಷ. ನಾನು ಅನ್ನಾಳ ಪಕ್ಷ. ಅಲೆಕ್ಸಿ ಒಂದು ರಾತ್ರಿ ಲಕ್ಷಗಟ್ಟಲೆ ಗೆದ್ದು ತಂದು ಪೋಲಿನಾಳ ಮುಂದೆ ಸುರಿಯುತ್ತಾನೆ. ಬೆಳಿಗ್ಗೆ ಅವಳು ಐವತ್ತು ಸಾವಿರ ಫ್ರಾಂಕನ್ನು ಅವನ ಮುಖಕ್ಕೆ ಎಸೆದು ಹೊರಟುಹೋಗುತ್ತಾಳೆ. ಕೊನೆಯಲ್ಲಿ, ಅವಳು ನಿನ್ನನ್ನು ಪ್ರೀತಿಸಿದ್ದಳು ಎಂದು ಆಸ್ಟ್ಲಿ ಹೇಳಿದಾಗಲೂ ಅಲೆಕ್ಸಿಗೆ ಕಾಣುವುದು ರೂಲೆಟ್ಟಿನ ಮೇಜು ಮಾತ್ರ. ನಾಳೆ ಎಲ್ಲ ಸರಿಹೋಗುತ್ತದೆ ಎಂಬ ಆಸೆಯಲ್ಲಿ ಕಾದಂಬರಿ ಮುಗಿಯುತ್ತದೆ. ನಾಳೆ! ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಂಗಿಯ 'ನಾಳೆ ಕೊಡ್ತೀನಿ' ಒಂದು ನಾಳೆ. ನಾನು ಬರೆದುಕೊಟ್ಟ ಬೋರ್ಡೂ ಒಂದು ರೂಲೆಟ್ಟೇ, ಅರ್ಧ ಮಜೂರಿಯನ್ನು ಪಣಕ್ಕಿಟ್ಟು ಆಡಿಸಿದ್ದು. ಆಡಿದ್ದು ಅವಳು, ಸಲಹೆ ಕೊಟ್ಟದ್ದು ನಾನು.

ಆ ಗಡುವಿನ ದಿನದ ಕಥೆಯನ್ನೂ ಹೇಳಿಬಿಡುತ್ತೇನೆ. ನವೆಂಬರ್ 1ರಂದು ಹಸ್ತಪ್ರತಿ ಹಿಡಿದುಕೊಂಡು ಹೋದರೆ ಸ್ಟೆಲ್ಲೋವ್‌ಸ್ಕಿ ಊರಲ್ಲೇ ಇಲ್ಲ. ಅವನ ಗುಮಾಸ್ತ, ನನಗೆ ತೆಗೆದುಕೊಳ್ಳುವ ಅಧಿಕಾರವಿಲ್ಲ ಎಂದ. ಹೀಗಾಗಬಹುದು ಎಂದು ಮೊದಲೇ ಊಹಿಸಿ ಅನ್ನಾಳ ತಾಯಿ ವಕೀಲರೊಬ್ಬರನ್ನು ಕೇಳಿಟ್ಟಿದ್ದರು. ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀತಿ ಪಡೆಯಿರಿ ಎಂದಿದ್ದರು ಅವರು. ರಾತ್ರಿ ಹತ್ತು ಗಂಟೆಗೆ, ಇನ್ನೆರಡೇ ಗಂಟೆ ಉಳಿದಿದ್ದಾಗ, ಠಾಣೆಯಲ್ಲಿ ಕಾದಂಬರಿ ಜಮಾ ಆಯಿತು. ಅಂದರೆ ಬರೆದು ಮುಗಿಸಿದರೂ ಸೋಲುವಂತೆ ಮಾಡಿಟ್ಟ ಗಡುವು ಅದು. ಸ್ವಂತ ದುಡಿಮೆಯವರಿಗೆ ದಂಡದ ಷರತ್ತು ಹಾಕುವವರು, ಆ ದಂಡದಿಂದ ಯಾರಿಗೆ ಲಾಭ ಎಂದು ಒಮ್ಮೆ ನೋಡಬೇಕು. ಮದುವೆ ಮನೆಯವರೊಬ್ಬರು ಆರನೆಯ ದಿನ ಬೆಳಿಗ್ಗೆ ಬಂದು ನಗುನಗುತ್ತ ಅರ್ಧ ದುಡ್ಡು ಎಣಿಸಿ ಕೊಟ್ಟುಹೋದರಂತೆ. ಅವರ ಮದುವೆಗೆ ಇನ್ನೂ ಹತ್ತು ದಿನವಿತ್ತು.

ಮುಂದಿನದು ಎಲ್ಲರಿಗೂ ಇಷ್ಟವಾಗುವ ಭಾಗ. ನವೆಂಬರ್ 8ರಂದು ಆತ ಒಂದು ಕಾದಂಬರಿಯ ಕಥೆ ಹೇಳುವ ನೆಪದಲ್ಲಿ ಅನ್ನಾಳನ್ನು ಮದುವೆಗೆ ಕೇಳಿದ. 1867ರ ಫೆಬ್ರವರಿಯಲ್ಲಿ ಮದುವೆಯಾಯಿತು. ಮಲಯಾಳದ ಪೆರುಂಬಡವಂ ಶ್ರೀಧರನ್ ಇದೇ ಇಪ್ಪತ್ತಾರು ದಿನಗಳನ್ನು ಕುರಿತು 'ಒರು ಸಂಕೀರ್ತನಂ ಪೋಲೆ' ಎಂಬ ಕಾದಂಬರಿ ಬರೆದಿದ್ದಾರೆ. 1993ರಲ್ಲಿ ಬಂದ ಅದು ನೂರಕ್ಕೂ ಹೆಚ್ಚು ಮುದ್ರಣ ಕಂಡಿದೆ. ಪ್ರೇಮಕಥೆ ಎಂದರೆ ಓದುಗರು ಹಾಗೆ. ನನಗೆ ಹೆಚ್ಚು ಇಷ್ಟವಾದದ್ದು ಮದುವೆಯ ನಂತರದ ಅನ್ನಾ. ಜೂಜಿನ ಗೀಳಿನವನ ಜೊತೆ ನಾಲ್ಕು ವರ್ಷ ವಿದೇಶದಲ್ಲಿ ಒಡವೆ, ಬಟ್ಟೆ ಎಲ್ಲ ಒತ್ತೆಯಿಟ್ಟು ಬದುಕಿ, 1871ರಲ್ಲಿ ಊರಿಗೆ ಮರಳಿದ ಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳು. ಇನ್ನು ಯಾವ ಸ್ಟೆಲ್ಲೋವ್‌ಸ್ಕಿಯೂ ಬೇಡವೆಂದು ಕಾಗದದ ದರ, ಅಚ್ಚಿನ ದರ, ಅಂಗಡಿಯವರ ಕಮಿಷನ್ನು ಎಲ್ಲ ವಿಚಾರಿಸಿಕೊಂಡು, 1873ರ ಜನವರಿಯಲ್ಲಿ ಗಂಡನ ಕಾದಂಬರಿಯೊಂದನ್ನು ತಾನೇ ಪ್ರಕಟಿಸಿದಳು. 3,500 ಪ್ರತಿ ಅಚ್ಚು ಹಾಕಿಸಿ ಮನೆಯಿಂದಲೇ ಮಾರಾಟ. ಮೊದಲ ದಿನವೇ 115 ಪ್ರತಿ ಹೋದವು. ಸ್ವಂತ ಉದ್ಯೋಗದ ಪಾಠ ಹೇಳುವುದಾದರೆ ತರಬೇತಿಗಳಲ್ಲಿ ಈ ಕಥೆ ಹೇಳಬೇಕು. ಆದರೆ ಇದರಲ್ಲಿ ಸಿಡಿಲು ಮಿಂಚು ಇಲ್ಲ, ಚಪ್ಪಾಳೆ ಬೀಳುವುದಿಲ್ಲ.

ಇಷ್ಟನ್ನೆಲ್ಲ ಓದಿ ನಾನು ತಂಗಿಯ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವಳು 'ಬಿಡಕ್ಕ, ಒಪ್ಪಿಕೊಂಡೋಳು ನಾನು' ಎಂದಳು. ಈಗ ಸಂಜೆ ಆರರಿಂದ ಎಂಟರವರೆಗೆ ನಾನು ಅಲ್ಲಿರುತ್ತೇನೆ. ಕಾಜಾ, ಹುಕ್ಕು, ಹೆಮ್ಮಿಂಗು ನನ್ನವು. ಕತ್ತರಿಸುವುದು ಹೊಲಿಯುವುದು ಅವಳದು. ಆರಕ್ಕೆ ನಾನು ಬರುವ ಹೊತ್ತಿಗೆ ನನ್ನ ಕೈಗೆ ಕೊಡಲು ಎರಡು ಬ್ಲೌಸಾದರೂ ಮುಗಿದಿರಬೇಕು, ಇಲ್ಲದಿದ್ದರೆ ನಾನು ಸುಮ್ಮನೆ ಕೂರಬೇಕಾಗುತ್ತದೆ ಎಂದು ಅವಳಿಗೇ ಸಂಕೋಚ. ಗೋಡೆಯ ಮೊಳೆಗೆ ಕ್ಯಾಲೆಂಡರ್ ಬಂದಿದೆ. ಒಂದೊಂದು ಚೌಕದಲ್ಲಿ ಪೆನ್ಸಿಲಿನಿಂದ ಎರಡೋ ಮೂರೋ ಹೆಸರು. ಚೌಕ ತುಂಬಿದ ಮೇಲೆ ಯಾರು ಬಂದರೂ ಮುಂದಿನ ಚೌಕ ತೋರಿಸುತ್ತಾಳೆ. ಕೆಲವರು ಮುನಿಸಿಕೊಂಡು ಬೇರೆ ಕಡೆ ಹೋಗಿದ್ದಾರೆ. ನಾನು ಶಾಲೆಯಿಂದ ತಡವಾದ ದಿನ, ನೆಂಟರು ಬಂದ ದಿನ ಎಲ್ಲ ಏರುಪೇರಾಗುತ್ತದೆ. ಮೌಲ್ಯಮಾಪನಕ್ಕೆ ಹೋದ ವಾರವಂತೂ ಮಂಚದ ಮೇಲೆ ಮತ್ತೆ ಗಂಟುಗಳು ಬೆಳೆದಿದ್ದವು.

ಹುಕ್ಕು ಹಾಕುತ್ತ ಹಾಕುತ್ತ ಕಾದಂಬರಿಯನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ, ನಾಲ್ಕೈದು ಸಂಜೆ ಹಿಡಿಯಿತು. ಅಜ್ಜಿಯ ಭಾಗ ಬಂದಾಗ ಮಷೀನು ನಿಲ್ಲಿಸಿ ನಕ್ಕಳು. ಅಲೆಕ್ಸಿಯ ವಿಷಯಕ್ಕೆ ಅವಳು ನನಗಿಂತ ಮೆತ್ತಗಿದ್ದಾಳೆ. 'ಪಾಪ, ಅವನಿಗೆ ಹೇಳೋರು ಯಾರೂ ಇರಲಿಲ್ಲ' ಎಂದಳು. ಅನ್ನಾಳ ಕಥೆ ಹೇಳಿದಾಗ ಮಾತ್ರ ಬಹಳ ಹೊತ್ತು ಏನೋ ಲೆಕ್ಕ ಹಾಕುತ್ತಿದ್ದಳು.

'ಆ ಹುಡುಗಿಗೆ ಎಷ್ಟು ಕೊಟ್ರು?'

'ಇಡೀ ಕೆಲಸಕ್ಕೆ ಐವತ್ತು ರೂಬಲ್.'

'ಮನೆಗೆ ತಂದು ರಾತ್ರಿ ಬರೀತಿದ್ದಳಲ್ಲ, ಅದಕ್ಕೆ ಬೇರೆ ಇಲ್ವಾ?'

ಇಲ್ಲ ಎಂದೆ. ಅವಳು ಹಲ್ಲಿನಿಂದ ದಾರ ಕಡಿದು, ಬ್ಲೌಸನ್ನು ತಿರುಗಿಸಿ ಕೊಡವಿ ನನ್ನ ಮಡಿಲಿಗೆ ಹಾಕಿದಳು.

'ಕೈಕೆಲಸದ ಲೆಕ್ಕ ಎಲ್ಲ ಕಡೆಯೂ ಹಿಂಗೇ ಅನ್ನು. ಅಕ್ಕ, ಆ ಕೆಂಪುದಕ್ಕೆ ಆರು ಹುಕ್ಕು ಹಾಕು, ಅವರು ಸ್ವಲ್ಪ ದಪ್ಪ ಇದ್ದಾರೆ.'